ಊದಿನಕಡ್ಡಿಯಲ್ಲಿ ಊದು ಎಲ್ಲಿದೆ? ಒಂದೇ ಬಾಟಲಿ, ಐದು ಮೂಗು, ಐದು ವಾಸನೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಲ್ಲಿ ಕೂತಿದ್ದೀರಾ? ಹಾಗಿದ್ರೆ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮಣಿಕಟ್ಟನ್ನು ಮೂಗಿನ ಹತ್ತಿರ ತಂದು ಮೆಲ್ಲಗೆ ಮೂಸಿ ನೋಡಿ. ಸೋಪು, ಬೆವರು, ಬಸ್ಸಿನ ಕಂಬಿಯ ಕಬ್ಬಿಣ, ಏನೋ ಒಂದು ಬರುತ್ತೆ ಅಲ್ವಾ? ಬಂದ್ರೆ ನೀವು ಅದೃಷ್ಟವಂತರು. ಯಾಕೆ ಹೀಗಂದೆ ಅಂತ ಸ್ವಲ್ಪ ಹೊತ್ತಿನಲ್ಲಿ ಹೇಳ್ತೀನಿ.

ಇವತ್ತಿನ ಕಥೆ ಶುರುವಾಗೋದು ನಮ್ಮ ಮನ್ನಾಏಖೇಳ್ಳಿಯಲ್ಲಿ. ಗೊತ್ತಿಲ್ಲದವರಿಗೆ ಹೇಳ್ತೀನಿ, ಇದು ಬೀದರ್ ಜಿಲ್ಲೆಯ ಊರು. ಹೈದರಾಬಾದ್‌ನಿಂದ ಸೊಲ್ಲಾಪುರ, ಪುಣೆ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 65ರ ಮೇಲೆ, ಜಹೀರಾಬಾದ್ ದಾಟಿ ಹುಮನಾಬಾದ್ ಬರುವುದಕ್ಕೆ ಮುಂಚೆ ಸಿಗುತ್ತೆ. ಲಾರಿ ನಿಲ್ಲುವ ಊರು. ಡೀಸೆಲ್, ಚಹಾ, ಮಿರ್ಚಿ ಭಜಿ, ಸುಗ್ಗಿಯಲ್ಲಿ ತೊಗರಿ ಧೂಳು, ಎಲ್ಲಾ ವಾಸನೆ ಕಲೆಸಿಹೋಗಿರುವ ಊರು. ಅಂಥ ಕಡೆ ಒಂದು ಸಂಜೆ ಚಹಾ ಅಂಗಡಿಯ ಹಿಂದಿನ ಬೆಂಚಿನ ಮೇಲೆ ನಾವು ಐದು ಜನ ಕೂತು, ಒಂದು ಬೆರಳಿನಷ್ಟು ಉದ್ದದ ಬಾಟಲಿ ಮುಂದಿಟ್ಕೊಂಡು, ಒಬ್ಬರ ಕೈ ಒಬ್ಬರು ಮೂಸ್ತಾ ಇದ್ವಿ. ನೋಡಿದವರಿಗೆ ತಲೆಕೆಟ್ಟಿದೆ ಅನ್ನಿಸಿರಬೇಕು.

ಬಾಟಲಿಯಲ್ಲಿದ್ದದ್ದು ಊದ್ ಎಣ್ಣೆ. ಗಲ್ಫ್‌ನಲ್ಲಿ ಹನ್ನೆರಡು ವರ್ಷ ಗಾಡಿ ಓಡಿಸಿ ಬಂದ ಒಬ್ಬ ಅಣ್ಣ ತಂದಿದ್ದು. ಅಸ್ಸಾಮಿನ ಮಾಲು ಅಂತ ಅವರ ಮಾತು. ಎಲ್ಲರ ಮಣಿಕಟ್ಟಿಗೂ ಗಾಜಿನ ಕಡ್ಡಿಯಿಂದ ಒಂದೊಂದು ಚುಕ್ಕೆ ಇಟ್ಟರು.

ಲಾರಿ ಮೆಕ್ಯಾನಿಕ್ ಗೆಳೆಯ ಮೂಸಿ ಮುಖ ಸಿಂಡರಿಸಿದ. "ಏ, ಇದು ಆಕಳ ಕೊಟ್ಟಿಗಿ ವಾಸ್ನಿ ಹೊಡಿಲಿಕತ್ತದಲ್ಲೋ!"

ಗಣಿತ ಮೇಷ್ಟ್ರು, "ಇಲ್ರೀ, ನನಗ ಹೊಸಾ ಚರ್ಮದ ಚಪ್ಪಲಿ, ಅದ್ರಾಗ ಸ್ವಲ್ಪ ಹೊಗಿ" ಅಂದ್ರು.

ಬಿ.ಫಾರ್ಮಾ ಓದುವ ನನ್ನ ಚಿಕ್ಕಪ್ಪನ ಮಗಳು, "ಬೆಲ್ಲದ ಗಾಣ. ಕೊಪ್ಪರಿಗಿ ತಳ ಹತ್ತಿದ ಮ್ಯಾಲ ಬರ್ತದಲ್ಲ, ಅದು" ಅಂದಳು.

ತಂದ ಅಣ್ಣ ಕಣ್ಣು ಮುಚ್ಚಿ, "ನನಗ ಮಾತ್ರ ಇದು ಈದ್ ದಿನದ ಬೆಳಗು" ಅಂದ್ರು.

ಎಲ್ಲರೂ ನನ್ನ ಕಡೆ ನೋಡಿದ್ರು. ನಾನು ಮೂಸಿದೆ. ಇನ್ನೊಮ್ಮೆ ಮೂಸಿದೆ. ಏನೂ ಇಲ್ಲ. ನೀರು ಹಚ್ಚಿದ ಹಾಗೆ.

2021ರ ಎರಡನೇ ಅಲೆಯಲ್ಲಿ ನನಗೆ ಕೋವಿಡ್ ಬಂದಿತ್ತು. ಜ್ವರ ಐದು ದಿನಕ್ಕೆ ಹೋಯ್ತು, ಮೂಗು ಮಾತ್ರ ವಾಪಸ್ ಬರಲಿಲ್ಲ. ಈ ಬೆಂಚಿನ ಮೇಲೆ ಕೂತಾಗ ಒಂದು ವರ್ಷ ದಾಟಿತ್ತು. ಇಷ್ಟು ದಿನ ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಅವತ್ತು ಹೇಳಿದೆ.

ಹಾಗಾಗಿ ಈ ಸಂಚಿಕೆಯಲ್ಲಿ ಎರಡು ಪ್ರಶ್ನೆ. ಒಂದು, ಈ ಊದ್ ಅಂದ್ರೆ ಏನು, ಯಾಕೆ ಅದಕ್ಕೆ ಇಷ್ಟೊಂದು ಬೆಲೆ? ಎರಡು, ಒಂದೇ ಎಣ್ಣೆ ಐದು ಜನಕ್ಕೆ ಐದು ಥರ ಯಾಕೆ ಬರುತ್ತೆ?

ನಿಮ್ಮ ಮನೆಯಲ್ಲೇ ಇರುವ ಪದ

"ಊದ್" ಅಂದ್ರೆ ಅರಬರದ್ದು, ದುಬೈ ಮಾಲ್‌ನದ್ದು, ನಮಗೂ ಅದಕ್ಕೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ಆದ್ರೆ ಈ ಪದ ನಮ್ಮ ದೇವರ ಜಗುಲಿಯ ಮೇಲೇ ಇದೆ. ಊದಿನಕಡ್ಡಿ!

ನಾನು ಚಿಕ್ಕವನಿದ್ದಾಗ, ಹಚ್ಚಿ ಊದಿ ಆರಿಸ್ತೀವಲ್ಲ, ಅದಕ್ಕೇ ಊದಿನಕಡ್ಡಿ ಅಂತ ತಿಳ್ಕೊಂಡಿದ್ದೆ. ಅಲ್ಲ. ಈ ಊದು ಅರಬ್ಬಿಯ 'ಊದ್'. ಅಲ್ಲಿ ಅದರ ಮೂಲ ಅರ್ಥ ಕಟ್ಟಿಗೆ. ಅರಬರ ತಂತಿವಾದ್ಯಕ್ಕೂ ಇದೇ ಹೆಸರು. ಕಟ್ಟಿಗೆಗಳಲ್ಲೆಲ್ಲಾ ದೊಡ್ಡ ಕಟ್ಟಿಗೆ, ಪರಿಮಳದ ಕಟ್ಟಿಗೆ ಅನ್ನೋ ಅರ್ಥದಲ್ಲಿ ಅದೇ ಹೆಸರು ನಿಂತುಬಿಡ್ತು.

ಇನ್ನು 'ಅಗರಬತ್ತಿ'. ಅದು ಸಂಸ್ಕೃತದ 'ಅಗರು'. ಊದ್, ಅಗರು ಎರಡೂ ಒಂದೇ ವಸ್ತು. ಅಂದ್ರೆ ಊದಿನಕಡ್ಡಿ ಅಂದ್ರೂ, ಅಗರಬತ್ತಿ ಅಂದ್ರೂ ನಾವು ಹೇಳ್ತಿರೋದು ಒಂದೇ ಮರದ ಹೆಸರು. ತಮಾಷೆ ಏನಂದ್ರೆ, ಇವತ್ತಿನ ಸಾಮಾನ್ಯ ಅಗರಬತ್ತಿಯಲ್ಲಿ ಅಗರು ಒಂದು ಚೂರೂ ಇರಲ್ಲ. ಬಿದಿರು ಕಡ್ಡಿ, ಇದ್ದಿಲ ಪುಡಿ, ಮರದ ಪುಡಿ, ಅಂಟಿಸೋಕೆ ಜಿಗಟು, ಮೇಲೆ ಸುಗಂಧ. ಹೆಸರು ಉಳಿದಿದೆ, ಮರ ಹೋಗಿದೆ. ಈ ಮಾತು ನೆನಪಿಟ್ಕೊಳ್ಳಿ, ಕೊನೆಗೆ ಮತ್ತೆ ಬರುತ್ತೆ.

ಗಾಯವಾಗದೆ ಪರಿಮಳವಿಲ್ಲ

ಶ್ರೀಗಂಧ ನಮಗೆ ಗೊತ್ತು. ಮೈಸೂರಿನಲ್ಲಿ 1916ರಲ್ಲೇ ಸರ್ಕಾರಿ ಶ್ರೀಗಂಧದೆಣ್ಣೆ ಕಾರ್ಖಾನೆ ಶುರುವಾಯ್ತು. ಶ್ರೀಗಂಧದ ಮರ ಬೆಳೀತಾ ಬೆಳೀತಾ ಅದರ ಒಳತಿರುಳಿನಲ್ಲಿ ಎಣ್ಣೆ ತಾನಾಗಿ ಕೂಡ್ತಾ ಹೋಗುತ್ತೆ. ಅದು ಮರದ ಸ್ವಭಾವ.

ಅಗರು ಹಾಗಲ್ಲ. ಅಕ್ವಿಲೇರಿಯಾ ಅನ್ನೋ ಜಾತಿಯ ಮರ ಇದು. ಈಶಾನ್ಯ ಭಾರತದಿಂದ ಹಿಡಿದು ಬರ್ಮಾ, ಥಾಯ್ಲೆಂಡ್, ಕಂಬೋಡಿಯಾ, ಮಲೇಷ್ಯಾ, ಇಂಡೋನೇಷ್ಯಾವರೆಗೆ ಬೆಳೆಯುತ್ತೆ. ಆರೋಗ್ಯವಾಗಿರುವ ಅಗರು ಮರ ಕಡಿದು ನೋಡಿದ್ರೆ ಒಳಗೆ ಬಿಳಿಚಿಕೊಂಡ, ಹಗುರವಾದ ಕಟ್ಟಿಗೆ. ವಾಸನೆಯೇ ಇಲ್ಲ. ಒಲೆಗೆ ಹಾಕಬೇಕು ಅಷ್ಟೇ.

ಆ ಮರಕ್ಕೆ ಏಟು ಬೀಳಬೇಕು. ಕೊಂಬೆ ಮುರೀಬೇಕು, ಇಲ್ಲಾ ಸಿಡಿಲು ಬಡೀಬೇಕು, ಇಲ್ಲಾ ಹುಳ ಕೊರೀಬೇಕು. ಆ ಗಾಯದೊಳಗೆ ಶಿಲೀಂಧ್ರ, ಅಂದ್ರೆ ಬೂಷ್ಟಿನ ಜಾತಿಯ ಜೀವಿ ಸೇರುತ್ತೆ. ಆಗ ಮರ ತನ್ನನ್ನು ತಾನು ಉಳಿಸಿಕೊಳ್ಳೋಕೆ ಗಾಯದ ಸುತ್ತ ಒಂದು ಕಪ್ಪು ರಾಳ ತುಂಬಿಸ್ತಾ ಹೋಗುತ್ತೆ. ವರ್ಷಗಟ್ಟಲೆ. ಆ ರಾಳ ತುಂಬಿದ ಭಾಗವೇ ಅಗರು. ಬಿಳಿ ಕಟ್ಟಿಗೆ ಕಪ್ಪಾಗುತ್ತೆ, ಹಗುರ ಇದ್ದದ್ದು ಭಾರ ಆಗುತ್ತೆ. ಒಳ್ಳೆಯ ತುಂಡು ನೀರಿಗೆ ಹಾಕಿದ್ರೆ ಮುಳುಗುತ್ತೆ. ಚೀನಾ ಭಾಷೆಯಲ್ಲಿ ಇದರ ಹೆಸರಿನ ಅರ್ಥವೇ 'ಮುಳುಗುವ ಪರಿಮಳ'.

ನಮ್ಮ ಮೇಷ್ಟ್ರು ಇದನ್ನು ಕೇಳಿ ಹೇಳಿದ್ದು ನೆನಪಿದೆ. "ಅಂದ್ರ ನಾವು ದುಡ್ಡು ಕೊಡೋದು ಹೂವಿಗಲ್ಲ, ಹಣ್ಣಿಗಲ್ಲ, ಮರದ ಜಡ್ಡಿಗೆ!" ನಮ್ಮ ಕಡೆ ಜಡ್ಡು ಅಂದ್ರೆ ಕಾಯಿಲೆ. ಮಾತು ಪೂರ್ತಿ ಸರಿ.

ಕೊಟ್ಟಿಗೆಯ ವಾಸನೆ ಎಲ್ಲಿಂದ ಬಂತು?

ಈಗ ಮೆಕ್ಯಾನಿಕ್ ಗೆಳೆಯನ ಪ್ರಶ್ನೆಗೆ ಬರೋಣ. ಸಾವಿರಾರು ರೂಪಾಯಿ ಎಣ್ಣೆ ದನದ ಕೊಟ್ಟಿಗೆ ಥರ ಯಾಕೆ?

ಎಣ್ಣೆ ತೆಗೆಯೋ ರೀತಿ ಹೀಗೆ. ರಾಳ ಇರುವ ಕಟ್ಟಿಗೆಯನ್ನು ಚಕ್ಕೆ ಮಾಡಿ, ಪುಡಿ ಮಾಡಿ ನೀರಿನಲ್ಲಿ ನೆನೆಹಾಕ್ತಾರೆ. ಒಂದೆರಡು ದಿನ ಅಲ್ಲ, ಕೆಲವರು ವಾರಗಟ್ಟಲೆ. ನೆನೆದು ನೆನೆದು ಅದು ಹುಳಿ ಬರುತ್ತೆ, ದೋಸೆ ಹಿಟ್ಟು ಹುಳಿ ಬರೋ ಹಾಗೆ. ಆಮೇಲೆ ದೊಡ್ಡ ಹಂಡೆಯಲ್ಲಿ ನೀರಿನ ಜೊತೆ ದಿನಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸ್ತಾರೆ. ಆವಿ ಕೊಳವೆಯೊಳಗೆ ಹೋಗಿ ತಣ್ಣಗಾದಾಗ ನೀರಿನ ಮೇಲೆ ತೆಳುವಾಗಿ ಎಣ್ಣೆ ತೇಲುತ್ತೆ. ಅದನ್ನು ಬಳಿದು ಬಳಿದು ತೆಗೀಬೇಕು. ಸಾಧಾರಣ ಚಕ್ಕೆ ನೂರು ಕಿಲೋ ಬೇಯಿಸಿದ್ರೂ ಕೈಗೆ ಸಿಗೋ ಎಣ್ಣೆ ಗ್ರಾಂ ಲೆಕ್ಕದ್ದು. ಬೆಲೆ ಯಾಕೆ ಅನ್ನೋದಕ್ಕೆ ಇಷ್ಟು ಸಾಕು.

ಹೆಚ್ಚು ದಿನ ನೆನೆಹಾಕಿದ್ರೆ ಆ ಕೊಟ್ಟಿಗೆ, ಹುಳಿ, ಚರ್ಮದ ವಾಸನೆ ಹೆಚ್ಚು. ಅಸ್ಸಾಮಿನ ಹಳೇ ಶೈಲಿ ಇದು. ಗಲ್ಫ್‌ನಲ್ಲಿ ಇದಕ್ಕೆ 'ಹಿಂದಿ ಊದ್' ಅಂತಾರೆ, ಅಂದ್ರೆ ಹಿಂದುಸ್ತಾನದ ಊದ್. ಅಲ್ಲಿಯ ಹಿರಿಯರಿಗೆ ಇದೇ ಇಷ್ಟ. ಹಚ್ಚಿದ ಮೊದಲ ಹತ್ತು ನಿಮಿಷ ಕೊಟ್ಟಿಗೆ, ಅರ್ಧ ಗಂಟೆಗೆ ಚರ್ಮ, ಒಣಹುಲ್ಲು, ಎರಡು ಗಂಟೆ ಬಿಟ್ಟು ಸಿಹಿಯಾದ ಹೊಗೆ. 'ಕಂಬೋಡಿ' ಅನ್ನೋದು ಮೊದಲಿನಿಂದಲೇ ಸಿಹಿ, ಒಣ ಅಂಜೂರದ ಹಾಗೆ, ಹೊಸಬರಿಗೆ ಬೇಗ ಹಿಡಿಸುತ್ತೆ. ಬೋರ್ನಿಯೋ ದ್ವೀಪದ್ದು ಹಗುರ, ಹಸಿರು, ಸ್ವಲ್ಪ ಪುದೀನ ಥರ ತಂಪು.

ಆದ್ರೆ ಹುಷಾರು. ಇವು ಊರಿನ ಹೆಸರಿಗಿಂತ ಹೆಚ್ಚಾಗಿ ಶೈಲಿಯ ಹೆಸರುಗಳಾಗಿಬಿಟ್ಟಿವೆ. ಮರದ ಜಾತಿ, ರಾಳದ ವಯಸ್ಸು, ನೆನೆಸಿದ ದಿನ, ಹಂಡೆ ತಾಮ್ರದ್ದೋ ಸ್ಟೀಲಿನದ್ದೋ, ಎಣ್ಣೆ ಎಷ್ಟು ವರ್ಷ ಇಟ್ಟಿದ್ದು, ಎಲ್ಲವೂ ವಾಸನೆ ಬದಲಿಸುತ್ತೆ. ಅದಕ್ಕೇ ಹಚ್ಚುವವರು ಒಬ್ಬರ ಕೈ ಒಬ್ಬರು ಮೂಸ್ತಾ ಹೋಲಿಸಿ ನೋಡೋದು.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡ್ತೀನಿ. ಅತ್ತರು ಬೇರೆ, ಊದ್ ಎಣ್ಣೆ ಬೇರೆ. ಕನೌಜಿನ ಸಾಂಪ್ರದಾಯಿಕ ಅತ್ತರಿನಲ್ಲಿ ಗುಲಾಬಿ, ಮಲ್ಲಿಗೆ, ಕೇದಗೆ ಹೂವಿನ ಆವಿಯನ್ನು ಶ್ರೀಗಂಧದೆಣ್ಣೆಯೊಳಗೆ ಇಳಿಸ್ತಾರೆ. ಶ್ರೀಗಂಧ ಅಲ್ಲಿ ಪಾತ್ರೆ ಇದ್ದ ಹಾಗೆ. ಊದ್ ಎಣ್ಣೆಗೆ ಇನ್ನೊಂದು ಎಣ್ಣೆಯ ಆಸರೆ ಬೇಡ. ಅದೇ ಪಾತ್ರೆ, ಅದೇ ಪಾಯಸ.

ಐದು ಮೂಗಿಗೆ ಐದು ವಾಸನೆ

ಈಗ ಎರಡನೇ ಪ್ರಶ್ನೆ. ಬಾಟಲಿ ಒಂದೇ. ಸುಳ್ಳು ಹೇಳಿದವರು ಯಾರು?

ಯಾರೂ ಇಲ್ಲ. ನಮ್ಮ ಮೂಗಿನ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆ ಇವೆ. ಪಿಯಾನೋದ ಕೀ ಇದ್ದ ಹಾಗೆ ಅಂದ್ಕೊಳ್ಳಿ. ಒಂದು ವಾಸನೆ ಅಂದ್ರೆ ಒಂದು ಕೀ ಅಲ್ಲ, ಹಲವು ಕೀ ಒಟ್ಟಿಗೆ ಒತ್ತಿದ ಸ್ವರ. ಊದ್‌ನಲ್ಲಿ ಹತ್ತಾರು ಬಗೆಯ ಅಣುಗಳಿವೆ. ಅದು ಪೂರ್ತಿ ವಾದ್ಯಗೋಷ್ಠಿ. ಈ ಕೀಗಳು ನನಗೂ ನಿಮಗೂ ಒಂದೇ ಥರ ಇರಲ್ಲ. ಒಬ್ಬರಿಗೆ ಕೆಲವು ಜೋರು, ಕೆಲವು ಮಂದ, ಕೆಲವು ಇಲ್ಲವೇ ಇಲ್ಲ. ಆಂಡ್ರೋಸ್ಟೆನೋನ್ ಅಂತ ಒಂದು ವಸ್ತು ಇದೆ. ಅದು ಕೆಲವರಿಗೆ ಮೂತ್ರದ ನಾತ, ಕೆಲವರಿಗೆ ಸಿಹಿ ವಾಸನೆ, ಇನ್ನು ಕೆಲವರಿಗೆ ಏನೂ ಇಲ್ಲ. ಇದಕ್ಕೆ ಒಂದು ನಿರ್ದಿಷ್ಟ ಜೀನ್‌ನ ವ್ಯತ್ಯಾಸ ಕಾರಣ ಅಂತ 2007ರಲ್ಲಿ ವಿಜ್ಞಾನಿಗಳು ತೋರಿಸಿದ್ರು.

ಜೊತೆಗೆ ಚರ್ಮ. ಕೈ ಬಿಸಿ ಇದ್ರೆ ಹಗುರ ಅಣುಗಳು ಬೇಗ ಹಾರಿಹೋಗ್ತವೆ, ಭಾರದವು ಉಳಿಯುತ್ತವೆ. ಎಂಜಿನ್ ಪಕ್ಕ ದುಡಿದು ಬಂದ ಮೆಕ್ಯಾನಿಕ್‌ನ ಕೈಯೂ, ಸೀಮೆಸುಣ್ಣ ಹಿಡಿದ ಮೇಷ್ಟ್ರ ಕೈಯೂ ಒಂದೇ ಅಲ್ಲ.

ಎಲ್ಲಕ್ಕಿಂತ ದೊಡ್ಡದು ನೆನಪು. ಕಣ್ಣು, ಕಿವಿಯ ಸುದ್ದಿ ಮೆದುಳಿನಲ್ಲಿ ಒಂದು ಜಂಕ್ಷನ್ ದಾಟಿ ಮುಂದೆ ಹೋಗುತ್ತೆ. ವಾಸನೆಗೆ ಆ ಜಂಕ್ಷನ್ ಇಲ್ಲ, ಭಾವನೆ ಮತ್ತು ನೆನಪಿನ ಕೋಣೆಗಳಿಗೆ ಹೆಚ್ಚುಕಡಿಮೆ ನೇರ ರಸ್ತೆ. ತಂಗಿಗೆ ಗಾಣದ ನೆನಪಿತ್ತು, ಗಾಣ ಬಂತು. ಅಣ್ಣನಿಗೆ ಈದ್ ಇತ್ತು, ಈದ್ ಬಂತು. ಬೇರೆ ಬೇರೆ ಹೆಸರು ಹೇಳಿದ್ರು ಅಷ್ಟೇ. ಹೊಗೆ, ಸಿಹಿ, ಪ್ರಾಣಿ, ಈ ಮೂರರ ಸುತ್ತಲೇ ಎಲ್ಲರೂ ಇದ್ರು.

ಜಪಾನಿನಲ್ಲಿ ಅಗರು ಚಕ್ಕೆಯನ್ನು ಸಣ್ಣ ಬೂದಿಗೆಂಡದ ಮೇಲಿಟ್ಟು ಆಸ್ವಾದಿಸುವ ಒಂದು ಕಲೆಯೇ ಇದೆ. ಅಲ್ಲಿ ಅವರು ಪರಿಮಳವನ್ನು 'ಮೂಸೋದು' ಅನ್ನಲ್ಲ, 'ಕೇಳೋದು' ಅಂತಾರೆ. ಪಾಡ್‌ಕಾಸ್ಟ್ ಕೇಳೋ ನಮಗೆ ಇದು ಬೇಗ ಅರ್ಥ ಆಗಬೇಕು.

ಕಲ್ಯಾಣದಲ್ಲಿ ಬರೆದಿಟ್ಟ ಸುಗಂಧ

ಮನ್ನಾಏಖೇಳ್ಳಿಯಿಂದ ಬಸವಕಲ್ಯಾಣಕ್ಕೆ ಬೈಕಿನಲ್ಲಿ ಒಂದು ಗಂಟೆ ಆಚೀಚೆ. ಆ ಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಅನ್ನೋ ದೊಡ್ಡ ಗ್ರಂಥ ಬರೆದ. ನೂರು ಅಧ್ಯಾಯ. ರಾಜನೀತಿ, ಆನೆ, ಅಡುಗೆ, ಸಂಗೀತ, ಆಟ, ಎಲ್ಲಾ ಇದೆ. ಅದರಲ್ಲಿ ಮೈಗೆ ಹಚ್ಚುವ ಸುಗಂಧ ಲೇಪಕ್ಕೆ ಒಂದು ಅಧ್ಯಾಯ, ಧೂಪಕ್ಕೆ ಇನ್ನೊಂದು. ಅಗರು, ಚಂದನ, ಕಸ್ತೂರಿ, ಕರ್ಪೂರ, ಇವೇ ಅಲ್ಲಿನ ಮುಖ್ಯ ಸಾಮಾನು. ಅದಕ್ಕೂ ನೂರು ವರ್ಷ ಮೊದಲು, 1025ರ ಸುಮಾರಿಗೆ, ಎರಡನೇ ಚಾವುಂಡರಾಯ ಕನ್ನಡದಲ್ಲೇ ಬರೆದ 'ಲೋಕೋಪಕಾರ'ದಲ್ಲೂ ಸುಗಂಧ ತಯಾರಿಕೆಯ ಭಾಗ ಇದೆ. ಅದು ರಾಜರಿಗಲ್ಲ, ಹೆಸರೇ ಹೇಳೋ ಹಾಗೆ ಲೋಕಕ್ಕೆ.

ಅಗರು ನಮ್ಮ ನೆಲದ ಮರ ಅಲ್ಲ. ಅದು ದೂರದ ಪೂರ್ವದಿಂದ ಬರಬೇಕಿತ್ತು. ಬಾಣಭಟ್ಟನ ಹರ್ಷಚರಿತೆಯಲ್ಲಿ ಕಾಮರೂಪದ, ಅಂದ್ರೆ ಇವತ್ತಿನ ಅಸ್ಸಾಮಿನ ರಾಜ ಹರ್ಷನಿಗೆ ಕಳಿಸಿದ ಉಡುಗೊರೆಗಳ ಪಟ್ಟಿ ಬರುತ್ತೆ. ಅದರಲ್ಲಿ ಕರಿ ಅಗರಿನ ಎಣ್ಣೆಯೂ ಇದೆ, ಅಗರು ತೊಗಟೆಯ ಮೇಲೆ ಬರೆದ ಪುಸ್ತಕಗಳೂ ಇವೆ. ಹೌದು, ಅಸ್ಸಾಮಿನಲ್ಲಿ ನಮ್ಮ ತಾಳೆಗರಿ ಥರ ಅಗರು ಮರದ ತೊಗಟೆಯನ್ನೇ ಹಾಳೆ ಮಾಡ್ತಿದ್ರು. ಇನ್ನು ನಮ್ಮ ಐಹೊಳೆಯ ಐನೂರ್ವರು ವರ್ತಕ ಸಂಘದವರ 11ನೇ ಶತಮಾನದ ಶಾಸನದಲ್ಲಿ ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಯ ಪಟ್ಟಿ ಸಿಗುತ್ತೆ. ಕಲ್ಯಾಣದ ಅಂತಃಪುರದ ಪರಿಮಳ ಇಂಥ ವ್ಯಾಪಾರಿಗಳ ದಾರಿಯಲ್ಲೇ ಬಂದಿರಬೇಕು.

ಮುಂದೆ ವಿಜಯಪುರದಲ್ಲಿ, ಎರಡನೇ ಇಬ್ರಾಹಿಂ ಆದಿಲ್‌ಶಾಹನಿಗಾಗಿ 'ಇತ್ರ್-ಎ-ನೌರಸ್ ಶಾಹಿ' ಅನ್ನೋ ಸುಗಂಧದ ಗ್ರಂಥವೇ ಪಾರಸಿಯಲ್ಲಿ ಹುಟ್ಟಿತು. ನಮ್ಮ ಬೀದರಿನ ಕುಶಲಕರ್ಮಿಗಳು ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸಿ ಅತ್ತರ್‌ದಾನಿ ಮಾಡಿದ್ರು. ಈಗಲೂ ನಮ್ಮ ಕಡೆ ಮದುವೆಗೆ ಹೋದ್ರೆ, ಅದು ಯಾರ ಮನೆಯದ್ದೇ ಇರಲಿ, ಬಾಗಿಲಲ್ಲೇ ಪನ್ನೀರು, ಅತ್ತರು ಎದುರಾಗುತ್ತೆ. ದೊಡ್ಡವರು ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ ಸಿಕ್ಕಿಸ್ಕೊಂಡು ಓಡಾಡ್ತಿದ್ದದ್ದು ನಾನೇ ನೋಡಿದ್ದೀನಿ. ಊದ್ ಅನ್ನೋದು ಇನ್‌ಸ್ಟಾಗ್ರಾಮ್ ರೀಲ್‌ನಿಂದ ಬಂದ ಹೊಸ ಫ್ಯಾಷನ್ ಅಲ್ಲ. ಪಶ್ಚಿಮದ ದೊಡ್ಡ ಕಂಪನಿಗಳಿಗೆ ಅದು ಹೊಸದು. 2002ರಲ್ಲಿ ಈವ್ ಸಾಂ ಲೋರಾಂನ ಎಂ7 ಬಂದ ಮೇಲೆ ಅವರಿಗೆ ಹುಚ್ಚು ಹಿಡೀತು. ನಮಗೆ ಒಂಬೈನೂರು ವರ್ಷದ ಹಿಂದೆಯೇ ಪಠ್ಯಪುಸ್ತಕ ಇತ್ತು.

499 ರೂಪಾಯಿಯ ಪಾಠ

ಈಗ ನನ್ನ ಪೆದ್ದುತನದ ಕಥೆ. ಆ ಸಂಜೆ ಆದ ಮೇಲೆ ನನಗೆ ಹಟ ಹಿಡೀತು. ನನಗೂ ಒಂದು ಬಾಟಲಿ ಬೇಕು ಅಂತ ಆನ್‌ಲೈನ್‌ನಲ್ಲಿ ಒಂದು ಕಡೆ 'ನೂರಕ್ಕೆ ನೂರು ಶುದ್ಧ ಕಂಬೋಡಿ ಊದ್' ಅಂತ 499 ರೂಪಾಯಿಗೆ ಆರು ಎಂ.ಎಲ್. ತರಿಸಿದೆ. ಮೂಗು ಇಲ್ಲದವನು ವಾಸನೆ ಕೊಂಡುಕೊಂಡ ಕಥೆ ಇದು, ನಗಬೇಡಿ. ಚಾರ್‌ಮಿನಾರ್ ಹತ್ತಿರ ವರ್ಷಗಟ್ಟಲೆ ಅತ್ತರು ಮಾರಿ ಈಗ ನಮ್ಮೂರಿನಲ್ಲಿ ನೆಲೆಸಿರುವ ಒಬ್ಬ ಚಾಚಾಗೆ ತೋರಿಸಿದೆ. ಅವರು ಒಂದೇ ಸಲ ಮೂಸಿ, "ಬೇಟಾ, ಇದ್ರಾಗ ಊದ್ ಬಿಟ್ಟು ಎಲ್ಲಾ ಅದ" ಅಂದ್ರು.

ಹೇಗೆ ಗೊತ್ತಾಯ್ತು? ಅವರು ಹೇಳಿದ್ದು, ನಾನು ಆಮೇಲೆ ಓದಿದ್ದು ಸೇರಿಸಿ ಹೇಳ್ತೀನಿ.

ಮೊದಲನೆಯದು, ಲೆಕ್ಕ. ನೂರು ಕಿಲೋ ಚಕ್ಕೆಗೆ ಗ್ರಾಂ ಲೆಕ್ಕದ ಎಣ್ಣೆ ಅಂದ್ಮೇಲೆ, ಈ ಬೆಲೆಗೆ ಶುದ್ಧ ಎಣ್ಣೆ ಕೊಡೋಕೆ ಯಾರಿಗೂ ಸಾಧ್ಯ ಇಲ್ಲ. ಹಳಬರು ಇದನ್ನು ತೊಲದಲ್ಲಿ ಅಳೀತಾರೆ. ಒಂದು ತೊಲ ಅಂದ್ರೆ 11.66 ಗ್ರಾಂ. ನಿಮ್ಮಂಥ ನಮ್ಮಂಥವರು ಕಾಲು ತೊಲದಲ್ಲೇ ನಿಲ್ಲಬೇಕು.

ಎರಡನೆಯದು, ಕಾಲ. ಶುದ್ಧ ಊದ್ ಕೈಮೇಲೆ ಬದಲಾಗ್ತಾ ಹೋಗುತ್ತೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ರಾಗ ಹಾಡ್ತಾ ಇದ್ರೆ ಅದು ಕಾರ್ಖಾನೆಯ ಕೃತಕ ಸುಗಂಧ ಇರೋ ಸಾಧ್ಯತೆ ಹೆಚ್ಚು. ಕೃತಕ ಅಂದ್ರೆ ಕೆಟ್ಟದ್ದು ಅಂತ ಅಲ್ಲ. ಕೃತಕ ಅಂತ ಹೇಳಿ ಮಾರಿದ್ರೆ ತಪ್ಪೇನೂ ಇಲ್ಲ, ಮರವೂ ಉಳಿಯುತ್ತೆ. 'ಶುದ್ಧ' ಅಂತ ಸುಳ್ಳು ಹೇಳೋದು ತಪ್ಪು.

ಮೂರನೆಯದು, ರೀಲ್‌ನಲ್ಲಿ ತೋರಿಸೋ ಪರೀಕ್ಷೆಗಳನ್ನು ನಂಬಬೇಡಿ. 'ನೀರಿಗೆ ಹಾಕಿ, ಮುಳುಗಿದ್ರೆ ಅಸಲಿ' ಅಂತಾರೆ. ಮುಳುಗೋದು ಒಳ್ಳೆಯ ಕಟ್ಟಿಗೆ, ಎಣ್ಣೆ ಅಲ್ಲ. ಎಣ್ಣೆ ತೇಲುತ್ತೆ ಅಂತ ಆಗಲೇ ಹೇಳಿದೆ. ಖಚಿತವಾಗಿ ತಿಳೀಬೇಕು ಅಂದ್ರೆ ಪ್ರಯೋಗಾಲಯದಲ್ಲಿ ಅಣುಗಳನ್ನು ಬೇರ್ಪಡಿಸಿ ನೋಡಬೇಕು. ಕನೌಜಿನಲ್ಲಿ ಇದೇ ಕ್ಷೇತ್ರಕ್ಕೆ ಅಂತ 1991ರಲ್ಲಿ ಶುರುವಾದ ಸುಗಂಧ ಮತ್ತು ರುಚಿ ಅಭಿವೃದ್ಧಿ ಕೇಂದ್ರ ಇದೆ.

ಇನ್ನೊಂದು, ಹಚ್ಚೋ ಮುಂಚೆ ಮೊಣಕೈ ಒಳಭಾಗದಲ್ಲಿ ಒಂದು ಚುಕ್ಕೆ ಇಟ್ಟು ಒಂದು ದಿನ ನೋಡಿ. ತುರಿಕೆ, ಕೆಂಪು ಬಂದ್ರೆ ಬೇಡ.

ಹೆಸರು ಉಳಿದು, ಮರ ಹೋದರೆ?

ಆಗಲೇ ನೆನಪಿಟ್ಕೊಳ್ಳಿ ಅಂದಿದ್ದೆನಲ್ಲ, ಹೆಸರು ಉಳಿದಿದೆ, ಮರ ಹೋಗಿದೆ ಅಂತ. ಇದು ಬರೀ ಅಗರಬತ್ತಿಯ ಮಾತಲ್ಲ.

ಹೊರಗಿನಿಂದ ನೋಡಿದ್ರೆ ಯಾವ ಮರದಲ್ಲಿ ರಾಳ ಇದೆ ಅಂತ ಹೇಳೋದು ಕಷ್ಟ. ಹಾಗಾಗಿ ಕಾಡಿಗೆ ಹೋದವರು ಸಿಕ್ಕ ಮರ ಕಡಿದು ನೋಡಿದ್ರು. ರಾಳ ಇಲ್ಲದ ಮರವೂ ಹೋಯ್ತು. ನಮ್ಮ ಅಸ್ಸಾಮಿನ ಜಾತಿ, ಅಕ್ವಿಲೇರಿಯಾ ಮಲಕ್ಕೆನ್ಸಿಸ್, ಈಗ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ 'ತೀವ್ರ ಅಪಾಯದಲ್ಲಿರುವ' ಮರ. ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದಲ್ಲಿ 1995ರಿಂದ ಈ ಜಾತಿಯ ವ್ಯಾಪಾರಕ್ಕೆ ನಿಯಂತ್ರಣ ಇದೆ, 2005ರಿಂದ ಅಕ್ವಿಲೇರಿಯಾದ ಎಲ್ಲಾ ಜಾತಿಗಳಿಗೂ. ದೇಶದಿಂದ ದೇಶಕ್ಕೆ ವ್ಯಾಪಾರಕ್ಕೆ ಸಾಗಿಸಬೇಕಾದ್ರೆ ಪರವಾನಗಿ ಬೇಕು.

ಸಮಾಧಾನದ ಸುದ್ದಿ ಅಂದ್ರೆ, ಈಗ ಬೆಳೆಸಿದ ಮರಗಳು ಬಂದಿವೆ. ಅಸ್ಸಾಮಿನ ಹೊಜಾಯಿ ಊದ್ ವ್ಯಾಪಾರಕ್ಕೆ ಹೆಸರಾದ ಪಟ್ಟಣ, ಆ ರಾಜ್ಯದಲ್ಲಿ ಮನೆ ಹಿತ್ತಲಲ್ಲೇ ಅಗರು ಬೆಳೀತಾರೆ. ನಮ್ಮ ಮಲೆನಾಡಿನಲ್ಲೂ ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಕಡೆ ಅಡಿಕೆ ತೋಟದ ನಡುವೆ ರೈತರು ಅಗರು ನೆಟ್ಟಿದ್ದಾರೆ. ಕಾಂಡಕ್ಕೆ ರಂಧ್ರ ಕೊರೆದು, ಶಿಲೀಂಧ್ರ ಸೇರಿಸಿ, ಬೇಕಂತಲೇ ಗಾಯ ಮಾಡಿ ಕಾಯ್ತಾರೆ. ಆದ್ರೆ ನೆಟ್ಟ ಮಾತ್ರಕ್ಕೆ ದುಡ್ಡಲ್ಲ. ಒಳಗೆ ರಾಳ ಎಷ್ಟು ಕಟ್ಟಿತು ಅನ್ನೋದು ಕಡಿಯುವ ದಿನದವರೆಗೂ ಖಾತ್ರಿ ಇರಲ್ಲ. ಗಿಡ ಮಾರುವವರು 'ಕೋಟಿ ಬರುತ್ತೆ' ಅಂದ್ರೆ, ಕೊಳ್ಳೋ ಮುಂಚೆ 'ಮಾಲು ಕೊಳ್ಳುವವರು ಯಾರು?' ಅಂತ ಕೇಳಿ.

ನಮ್ಮ ಬೆಂಚಿನ ಐದು ಜನ ಒಂದು ನಿಯಮ ಮಾಡ್ಕೊಂಡಿದ್ದೀವಿ. ಕಾಡಿನ ಮರದ ಎಣ್ಣೆ ಅಂತ ಹೆಮ್ಮೆಯಿಂದ ಮಾರುವವರ ಹತ್ತಿರ ಕೊಳ್ಳಲ್ಲ. ಬೆಳೆಸಿದ ಮರದ್ದಾ ಅಂತ ಕೇಳಿಯೇ ಕೊಳ್ಳೋದು.

ನನ್ನ ಮೂಗಿನ ಡೈರಿ

ಕೊನೆಗೆ ನನ್ನ ಮೂಗು. ವಾಸನೆ ಹೋದ್ರೆ ಏನು ಮಹಾ, ಕಣ್ಣು ಹೋಯ್ತಾ ಅಂತ ಬಹಳ ಜನ ಅಂದ್ರು. ಒಂದು ದಿನ ಅಮ್ಮ ಹೊಲಕ್ಕೆ ಹೋಗಿದ್ರು. ನಾನು ಅಡುಗೆಮನೆಯ ಪಕ್ಕದ ಕೋಣೆಯಲ್ಲೇ ಎಡಿಟಿಂಗ್ ಮಾಡ್ತಾ ಕೂತಿದ್ದೆ. ಸ್ಟವ್ ಆರಿ ಗ್ಯಾಸ್ ಹೋಗ್ತಾ ಇತ್ತು. ನನಗೆ ಗೊತ್ತೇ ಆಗಲಿಲ್ಲ. ಪಕ್ಕದ ಮನೆಯವರು ಬಂದು ಬೈದು ಕಿಟಕಿ ತೆಗೆದ್ರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕೋವಿಡ್‌ನಲ್ಲಿ ವೈರಾಣು ಹೆಚ್ಚಾಗಿ ಹೊಡೆಯೋದು ವಾಸನೆಯ ನರಕೋಶಕ್ಕಲ್ಲ, ಅದರ ಸುತ್ತ ಆಸರೆಯಾಗಿರುವ ಕೋಶಗಳಿಗೆ. ಅದಕ್ಕೇ ಬಹಳ ಜನರಿಗೆ ಬೇಗ ವಾಪಸ್ ಬಂತು. ಕೆಲವರಿಗೆ ತಿಂಗಳು, ವರ್ಷ. ಇದಕ್ಕೆ 'ವಾಸನೆ ತರಬೇತಿ' ಅಂತ ಒಂದು ಅಭ್ಯಾಸ ಇದೆ. ಜರ್ಮನಿಯ ಡ್ರೆಸ್ಡೆನ್‌ನ ತಜ್ಞರು 2009ರಲ್ಲಿ ಪ್ರಕಟಿಸಿದ್ದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ. ದಿನಕ್ಕೆ ಎರಡು ಸಲ, ಹನ್ನೆರಡು ವಾರ. ಬರೀ ಮೂಸೋದಲ್ಲ, ಅದರ ನೆನಪನ್ನು ಮನಸ್ಸಿಗೆ ತಂದ್ಕೊಂಡು ಮೂಸಬೇಕು. ಡಾಕ್ಟರು ಇದನ್ನು ಹೇಳಿದಾಗ ಒಬ್ಬನೇ ಮಾಡೋಕೆ ಬೇಜಾರಾಗಿ ಬಿಟ್ಟಿದ್ದೆ. ಬೆಂಚಿನವರು ಬಿಡಲಿಲ್ಲ. ಮೇಷ್ಟ್ರು ಹಾಜರಾತಿ ಪುಸ್ತಕವನ್ನೇ ಮಾಡಿದ್ರು. ತಂಗಿ ನಾಲ್ಕು ಸಣ್ಣ ಬಾಟಲಿ ತುಂಬಿಕೊಟ್ಟಳು. ಐದನೆಯದಾಗಿ ಅಣ್ಣನ ಊದ್.

ಮೊದಲು ಬಂದದ್ದು ತಪ್ಪು ವಾಸನೆಗಳು. ಈರುಳ್ಳಿ ಒಗ್ಗರಣೆ ಸುಟ್ಟ ಟೈರ್ ಥರ. ಅಮ್ಮ ಮಾಡಿದ ಸಾರು ಬಾಯಿಗಿಡೋಕೆ ಆಗ್ತಿರಲಿಲ್ಲ, ಅವರು ಮುಖ ಸಣ್ಣ ಮಾಡ್ಕೊಳ್ತಿದ್ರು. ಇದು ಮೂಗು ಮತ್ತೆ ತಂತಿ ಜೋಡಿಸ್ಕೊಳ್ಳುವ ಹಂತದಲ್ಲಿ ಆಗೋದು, ಬಹಳ ಜನಕ್ಕೆ ಆಗುತ್ತೆ ಅಂತ ಡಾಕ್ಟರು ಹೇಳಿದ ಮೇಲೆ ಅವರಿಗೂ ಸಮಾಧಾನ, ನನಗೂ.

ನಾಲ್ಕನೇ ತಿಂಗಳಲ್ಲಿ ಒಂದು ಸಂಜೆ, ಮಳೆ ನಿಂತಿತ್ತು, ಊದ್ ಹಚ್ಚಿ ಎರಡು ಗಂಟೆ ಆಗಿತ್ತು. ಚಹಾದ ಲೋಟ ಎತ್ತೋವಾಗ ಮಣಿಕಟ್ಟಿನಿಂದ ಏನೋ ಬಂತು. ಸಣ್ಣಗೆ. ಹೊಗೆ. ಒಲೆಯ ಹೊಗೆ ಅಲ್ಲ, ಅಜ್ಜನ ಹಳೇ ಕಂಬಳಿಯ ಹೊಗೆ. ನಾನು ಕೈ ಮುಂದೆ ಚಾಚಿ, "ಕಂಬಳಿ" ಅಂದೆ. ಯಾರಿಗೂ ಅರ್ಥ ಆಗಲಿಲ್ಲ. ಮೆಕ್ಯಾನಿಕ್ ಗೆಳೆಯ ಮಾತ್ರ ಮೂಸಿ, "ಇರಬಹುದು, ಆದ್ರ ಕೊಟ್ಟಿಗ್ಯಾಗಿನ ಕಂಬಳಿ" ಅಂದ.

ಇದು ಊದ್‌ನಿಂದ ಆದ ಪವಾಡ ಅಂತ ದಯವಿಟ್ಟು ತಿಳ್ಕೊಬೇಡಿ. ಕಾಲ, ಅಭ್ಯಾಸ, ಎರಡರಿಂದ. ನಿಮಗೂ ವಾಸನೆ ಹೋಗಿದ್ರೆ ಕಿವಿ-ಮೂಗು-ಗಂಟಲು ತಜ್ಞರನ್ನು ನೋಡಿ, ಮನೆಯಲ್ಲಿ ಗ್ಯಾಸ್ ಅಲಾರಂ ಹಾಕಿಸಿ. ನನಗೆ ಇನ್ನೂ ಪೂರ್ತಿ ಬಂದಿಲ್ಲ. ಸಿಹಿ ಹಿಡಿಯಲ್ಲ. ತಂಗಿ ಹೇಳೋ ಬೆಲ್ಲದ ಗಾಣ ನನ್ನ ಡೈರಿಯಲ್ಲಿ ಇನ್ನೂ ಖಾಲಿ ಸಾಲು.

ನೀವೂ ಮಾಡಿ ನೋಡಬೇಕು ಅಂದ್ರೆ ಊದ್‌ಗೆ ದುಡ್ಡು ಸುರಿಯಬೇಕಿಲ್ಲ. ಅಡುಗೆಮನೆಯ ಲವಂಗ, ಶುಂಠಿ, ಒಂದು ಹನಿ ಒಳ್ಳೆಯ ಅತ್ತರು ಸಾಕು. ಮೂರು ನಾಲ್ಕು ಜನ ಕೂಡಿ. ಯಾರೂ ಬಾಯಿ ಬಿಡದೆ ಮೊದಲು ಬರೀರಿ, ಆಮೇಲೆ ಓದಿ. ಒಬ್ಬರು ಮೊದಲೇ 'ಕೊಟ್ಟಿಗೆ' ಅಂದ್ರೆ ಎಲ್ಲರಿಗೂ ಕೊಟ್ಟಿಗೆಯೇ ಬರುತ್ತೆ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಬೇಡ, ಮೂಗು ದಣಿಯುತ್ತೆ. ನಡುವೆ ಕಾಫಿ ಬೀಜ ಮೂಸೋ ನಾಟಕ ಬೇಕಿಲ್ಲ, ಹೊರಗಿನ ಗಾಳಿ ಸಾಕು. ಹಚ್ಚಿದ ತಕ್ಷಣ, ಅರ್ಧ ಗಂಟೆಗೆ, ಎರಡು ಗಂಟೆಗೆ, ಮೂರು ಸಲ ಬರೀರಿ.

ನಿಮಗೆ ಏನು ಬಂತು ಅಂತ ವಾಯ್ಸ್ ನೋಟ್ ಕಳಿಸಿ. ತಪ್ಪು ಉತ್ತರ ಅನ್ನೋದು ಇಲ್ಲಿ ಇಲ್ಲ. ಇವತ್ತಿಗೆ ಇಷ್ಟೇ. ನಾಳೆ ಬೆಳಿಗ್ಗೆ ಮನೆಯಲ್ಲಿ ಊದಿನಕಡ್ಡಿ ಹಚ್ಚಿದಾಗ ಒಂದು ಕ್ಷಣ ನಿಂತು ಕೇಳಿ. ಮತ್ತೆ ಸಿಗೋಣ.